ಐಸ್ ಕರಗಲಿ, ಬಣ್ಣ ಬಿಚ್ಚಲಿ

ಹಿಮ ಬೀಳುವ ಊರುಗಳಲ್ಲಿ ಬಟ್ಟೆಗೆ ಬಣ್ಣ ಹಾಕುವ ಹವ್ಯಾಸಿಗಳಿಗೆ ಚಳಿಗಾಲವೇ ಸುಗ್ಗಿ. ಸೋಡಾದಲ್ಲಿ ನೆನೆಸಿದ ಬಟ್ಟೆಯ ಮೇಲೆ ಅಂಗಳದ ಹಿಮ ಹೇರಿ, ಬಣ್ಣದ ಪುಡಿ ಉದುರಿಸಿ, ಕರಗಲು ಬಿಡುತ್ತಾರೆ. ಯಲಹಂಕ, ಹೆಬ್ಬಾಳದ ನಮಗೆ ಮೇಲಿನಿಂದ ಬೀಳುವುದು ಬೇಸಗೆಯ ಆಲಿಕಲ್ಲು ಮಾತ್ರ. ಅದೂ ಆರಿಸಿಕೊಳ್ಳುವಷ್ಟರಲ್ಲಿ ನೀರು. ಹಾಗಾಗಿ ನಮಗೆ ಫ್ರೀಜರಿನ ಐಸೇ ಗತಿ. ಆದರೂ ಈ ಕೆಲಸಕ್ಕೆ ಹಿಮದ ಊರಿಗಿಂತ ನಮ್ಮೂರೇ ವಾಸಿ ಎನ್ನುತ್ತೇನೆ.

ಐಸಿಗೆ ಬಣ್ಣ ಹಿಡಿಸುವ ಗುಣವಿಲ್ಲ. ಪುಡಿ ಒಮ್ಮೆಲೇ ಕರಗದಂತೆ ತಡೆಯುವುದಷ್ಟೇ ಅದರ ಕೆಲಸ. ಬಣ್ಣ ಹಿಡಿಸುವುದು ಸೋಡಾ ಆ್ಯಶ್ ಎಂಬ ಕ್ಷಾರ. ಇದಕ್ಕೆ ಬೇಕಾದ ರಿಯಾಕ್ಟಿವ್ ಬಣ್ಣಗಳನ್ನು ಇಂಗ್ಲೆಂಡಿನ ಐಸಿಐ ಕಂಪನಿ 1956ರಲ್ಲಿ ‘ಪ್ರೋಸಿಯಾನ್’ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಕ್ಷಾರ ಸಿಕ್ಕಿದರೆ ಸಾಕು, ಒಲೆ ಹಚ್ಚದೆಯೇ ಹತ್ತಿಯ ಎಳೆಗೆ ಬೆಸೆದುಕೊಳ್ಳುತ್ತವೆ. ಪಾಲಿಯೆಸ್ಟರ್‌ಗೆ ಹತ್ತುವುದಿಲ್ಲ. ದೊಡ್ಡಬಳ್ಳಾಪುರದ ರೇಷ್ಮೆ ಕೈಗೆಟುಕುವಷ್ಟು ಹತ್ತಿರವಿದ್ದರೂ ಕಲಿಯುವಾಗ ಅದನ್ನು ಮುಟ್ಟಬೇಡಿ. ಸೋಡಾ ರೇಷ್ಮೆಯ ಹೊಳಪು ತಿನ್ನುತ್ತದೆ.

ಹತ್ತಿಯ ಕೋರಾ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಗಂಜಿ ಬಿಡಿಸಿ. ಲೀಟರಿಗೆ ಸುಮಾರು 60 ಗ್ರಾಂ ಸೋಡಾ ಆ್ಯಶ್ ಕದಡಿ ಅರ್ಧ ಗಂಟೆ ನೆನೆಸಿ, ಹಿಂಡಿ, ನೆರಿಗೆ ಮಾಡಿ ಜಾಲರಿಯ ಮೇಲಿಡಿ. ಕೆಳಗೊಂದು ಟಬ್. ಬಟ್ಟೆ ಮುಚ್ಚುವಷ್ಟು ಐಸ್, ಅದರ ಮೇಲೆ ಪುಡಿ. ಕೈಗವಸು ಮತ್ತು ಮಾಸ್ಕ್ ಕಡ್ಡಾಯ, ಪುಡಿ ಉಸಿರಿಗೆ ಸೇರಬಾರದು. ಈ ಜಾಲರಿ, ಟಬ್ ಮತ್ತೆ ಅಡುಗೆಮನೆಗೆ ಹೋಗಕೂಡದು.

ನೇರಳೆ ಪುಡಿಯಿಂದಲೇ ಶುರುಮಾಡಿ. ಅಂಗಡಿಯ ನೇರಳೆ ಬಹುಪಾಲು ಹಲವು ಬಣ್ಣಗಳ ಬೆರಕೆ. ಬಕೆಟ್ಟಿನಲ್ಲಿ ಕದಡಿದರೆ ಒಂದೇ ನೇರಳೆಯಾಗಿ ಕೂರುತ್ತದೆ. ಐಸಿನ ಮೇಲೆ ಹಾಗಲ್ಲ. ಒಂದೊಂದು ಬಣ್ಣ ಕರಗುವ, ಹರಿಯುವ, ಎಳೆಗೆ ಅಂಟುವ ವೇಗ ಬೇರೆ ಬೇರೆ. ಒಂದು ನೆರಿಗೆಯ ಏಣಿನಲ್ಲಿ ಗುಲಾಬಿ ನಿಂತುಬಿಟ್ಟರೆ, ನೀಲಿ ಜಾರಿ ಪಕ್ಕದ ಮಡಿಕೆಗೆ ಇಳಿದಿರುತ್ತದೆ. ಎರಡೂ ಸಂಧಿಸಿದ ಕಡೆ ಮಾತ್ರ ನೇರಳೆ. ಕಪ್ಪು ಇನ್ನೂ ಚೆನ್ನಾಗಿ ಬಿಚ್ಚಿಕೊಳ್ಳುತ್ತದೆ. ಬೆರಕೆಯಿಲ್ಲದ ಅಪ್ಪಟ ಹಳದಿ ಹಾಕಿದರೆ ಈ ಸೊಗಸೊಂದೂ ಕಾಣದು.

ಐಸು ಕರಗಿದ ಮೇಲೂ ಬಟ್ಟೆಯನ್ನು ಒಂದು ದಿನ ಒದ್ದೆಯಾಗಿಯೇ ಬಿಡಬೇಕು. ತಣ್ಣಗಿದ್ದಷ್ಟೂ ಬೆಸುಗೆ ನಿಧಾನ. ಹಿಮದ ಊರಿನವರು ಟಬ್ಬನ್ನು ಬೆಚ್ಚನೆಯ ಕೋಣೆಗೆ ಹೊತ್ತೊಯ್ಯಬೇಕು. ನಮ್ಮ ಏಪ್ರಿಲ್ ತಿಂಗಳ ಬಾಲ್ಕನಿಯಲ್ಲಿ ಐಸು ಮುಗಿಯುತ್ತಿದ್ದಂತೆ ಬಟ್ಟೆಗೆ ಬೇಕಾದ ಕಾವು ತಾನಾಗಿಯೇ ಬರುತ್ತದೆ.

ನಮ್ಮ ಕಡೆಯ ನಿಜವಾದ ತೊಡಕು ಬೋರ್‌ವೆಲ್ ನೀರು. ಗಡಸು ನೀರಿನ ಕ್ಯಾಲ್ಸಿಯಂ ಬಣ್ಣವನ್ನು ಮಂಕಾಗಿಸುತ್ತದೆ, ಎಳೆಗೆ ಬೆಸೆಯದೆ ಉಳಿದ ಬಣ್ಣ ಬಿಟ್ಟುಹೋಗದಂತೆಯೂ ಮಾಡುತ್ತದೆ. ಐಸು ಕಟ್ಟಲು, ಸೋಡಾ ಕದಡಲು ಫಿಲ್ಟರ್ ನೀರೇ ಇರಲಿ. ಜಾಲಿಸುವುದು ಮೊದಲು ತಣ್ಣೀರಿನಲ್ಲಿ, ಸೋಡಾ ಬಿಟ್ಟ ಮೇಲೆ ಚೆನ್ನಾಗಿ ಕಾದ ನೀರಿನಲ್ಲಿ. ಆ ಬಿಸಿನೀರಿನ ಸುತ್ತುಗಳಿಗಾದರೂ ಕಾವೇರಿ ನೀರು ಬರುವ ದಿನ ನೋಡಿಕೊಳ್ಳಿ.