ಕಂಪೈಲರ್ ನೋಡದ ಕರಾರು

ಫೋರ್ಟ್ರಾನ್ ಪ್ರೋಗ್ರಾಮಿನಿಂದ ಸಿ ಭಾಷೆಯ ಗಣಿತ ಲೈಬ್ರರಿಯನ್ನು ಕರೆಯುವುದು ಈಗ ಹತ್ತು ಸಾಲಿನ ಕೆಲಸ. 2003ರ ಫೋರ್ಟ್ರಾನ್ ಸ್ಟ್ಯಾಂಡರ್ಡ್ ಬರುವ ಮುನ್ನ ಈ ನೆಮ್ಮದಿ ಇರಲಿಲ್ಲ. ಯುನಿಕ್ಸಿನ ಹೆಚ್ಚಿನ ಫೋರ್ಟ್ರಾನ್ ಕಂಪೈಲರ್‌ಗಳು ಫಂಕ್ಷನ್ ಹೆಸರಿನ ಕೊನೆಗೆ ಒಂದು ಅಂಡರ್‌ಸ್ಕೋರ್ ಸೇರಿಸುತ್ತಿದ್ದವು. ಹೆಸರಿನೊಳಗೆ ಮೊದಲೇ ಒಂದಿದ್ದರೆ ಜಿ77 ಎಂಬ ಕಂಪೈಲರ್ ಎರಡನ್ನು ಸೇರಿಸುತ್ತಿತ್ತು. ಕ್ರೇ ಯಂತ್ರಗಳಲ್ಲಿ ಇಡೀ ಹೆಸರೇ ದೊಡ್ಡಕ್ಷರಕ್ಕೆ ತಿರುಗುತ್ತಿತ್ತು. ಒಂದು ಯಂತ್ರದಲ್ಲಿ ಸಲೀಸಾಗಿ ಓಡಿದ್ದು ಪಕ್ಕದ ಯಂತ್ರದಲ್ಲಿ ಲಿಂಕ್ ಕೂಡ ಆಗುತ್ತಿರಲಿಲ್ಲ.

2003ರ ಸ್ಟ್ಯಾಂಡರ್ಡ್ ಇದಕ್ಕೆ ಕೊಟ್ಟ ಪರಿಹಾರವನ್ನು ಮನಸಾರೆ ಮೆಚ್ಚುತ್ತೇನೆ. ಐಎಸ್‌ಒ-ಸಿ-ಬೈಂಡಿಂಗ್ ಎಂಬ ಮಾಡ್ಯೂಲ್, ಬೈಂಡ್-ಸಿ ಎಂಬ ಘೋಷಣೆ, ವ್ಯಾಲ್ಯೂ ಎಂಬ ಗುಣ: ಈ ಮೂರರಿಂದಲೇ ಬಹುಪಾಲು ಕೆಲಸ ಮುಗಿಯುತ್ತದೆ. ಸಿ ಕಡೆಯ ಒಂದಕ್ಷರವನ್ನೂ ತಿದ್ದಬೇಕಿಲ್ಲ, ನಡುವೆ ಬೇರೆ ಕೋಡ್ ಬರೆಯಬೇಕಿಲ್ಲ. ಆದರೆ ಆ ಘೋಷಣೆಯನ್ನು ಬರೆಯುವವರು ನಾವು. ಅದು ಸರಿಯಿದೆಯೇ ಎಂದು ನೋಡುವವರು ಯಾರೂ ಇಲ್ಲ. ನನ್ನ ತಕರಾರು ಇರುವುದು ಇಲ್ಲಿ.

ಗ್ನೂ ಸೈಂಟಿಫಿಕ್ ಲೈಬ್ರರಿಯನ್ನೇ ತೆಗೆದುಕೊಳ್ಳೋಣ. 1996ರಲ್ಲಿ ಲಾಸ್ ಅಲಮೋಸ್‌ನಲ್ಲಿ ಮಾರ್ಕ್ ಗಲಾಸಿ ಮತ್ತು ಜೇಮ್ಸ್ ಥೈಲರ್ ಆರಂಭಿಸಿದ, ಪೂರ್ತಿ ಸಿ ಭಾಷೆಯಲ್ಲಿರುವ ಜಿಎಸ್‌ಎಲ್ ಅದು. ಅದರ ಬೆಸೆಲ್ ಫಂಕ್ಷನ್ ಜೆ-ಸೊನ್ನೆಗೆ 5 ಕೊಟ್ಟರೆ -0.17759677 ಬರಬೇಕು. ಆ ಫಂಕ್ಷನ್‌ನ ಸಿ ಹೆಸರಿನಲ್ಲಿ ಜೆ ದೊಡ್ಡಕ್ಷರ. ಫೋರ್ಟ್ರಾನ್‌ಗೆ ದೊಡ್ಡಕ್ಷರ, ಚಿಕ್ಕಕ್ಷರ ಎಂಬ ಭೇದವಿಲ್ಲ. ಹಾಗಾಗಿ ಬೈಂಡ್-ಸಿಯೊಳಗೆ ಹೆಸರನ್ನು ಉದ್ಧರಣ ಚಿಹ್ನೆಯಲ್ಲಿ ಇದ್ದದ್ದು ಇದ್ದಂತೆ ಬರೆಯದಿದ್ದರೆ ಲಿಂಕರ್ ಚಿಕ್ಕಕ್ಷರದ ಹೆಸರನ್ನು ಹುಡುಕಿ ಕೈಚೆಲ್ಲುತ್ತದೆ. ಇದು ಒಳ್ಳೆಯ ತಪ್ಪು, ಕೂಡಲೇ ಗೊತ್ತಾಗುತ್ತದೆ. ವ್ಯಾಲ್ಯೂ ಎಂಬ ಒಂದು ಪದ ಬಿಟ್ಟುಹೋದರೆ ಹಾಗಲ್ಲ. ಫೋರ್ಟ್ರಾನ್ ಆಗ ಸಂಖ್ಯೆಯ ಬದಲು ಅದರ ವಿಳಾಸವನ್ನು ಕಳುಹಿಸುತ್ತದೆ. ಇಂದಿನ 64 ಬಿಟ್ ಲಿನಕ್ಸ್ ಪಿಸಿಯಲ್ಲಿ ವಿಳಾಸ ಒಂದು ರಿಜಿಸ್ಟರಿನಲ್ಲಿ ಹೋಗುತ್ತದೆ, ಸಿ ಫಂಕ್ಷನ್ ದಶಮಾಂಶ ಸಂಖ್ಯೆಗಾಗಿ ನೋಡುವುದು ಇನ್ನೊಂದು ರಿಜಿಸ್ಟರನ್ನು. ಅಲ್ಲಿ ಹಿಂದಿನ ಲೆಕ್ಕದಲ್ಲಿ ಉಳಿದಿದ್ದ ಏನೋ ಒಂದು ಸಂಖ್ಯೆ ಸಿಗುತ್ತದೆ, ಅದಕ್ಕೆ ಅಚ್ಚುಕಟ್ಟಾಗಿ ಬೆಸೆಲ್ ಬೆಲೆಯೂ ಬರುತ್ತದೆ. ಕಂಪೈಲರ್ ಸುಮ್ಮನಿರುತ್ತದೆ, ಲಿಂಕರ್ ಸುಮ್ಮನಿರುತ್ತದೆ. ಸಿ ಹೆಡರ್ ಫೈಲನ್ನು ಫೋರ್ಟ್ರಾನ್ ಕಂಪೈಲರ್ ತೆರೆದೇ ನೋಡುವುದಿಲ್ಲವಲ್ಲ!

ಅಂದಹಾಗೆ, ಜೆ-ಸೊನ್ನೆಗಾಗಿ ಜಿಎಸ್‌ಎಲ್‌ವರೆಗೆ ಹೋಗುವ ಅಗತ್ಯವೇ ಈಗಿಲ್ಲ. 2008ರ ಸ್ಟ್ಯಾಂಡರ್ಡ್‌ನಿಂದ ಅದು ಫೋರ್ಟ್ರಾನ್‌ನಲ್ಲೇ ಇದೆ. ಮನೆಯಲ್ಲಿ ಇರುವುದನ್ನು ಮೊದಲು ನೋಡಿಕೊಳ್ಳಬೇಕು.

ಇಂಟಿಗ್ರೇಷನ್ ವಿಷಯಕ್ಕೆ ಬಂದರೆ ಕೆಲಸ ಗಹನವಾಗುತ್ತದೆ. ಜಿಎಸ್‌ಎಲ್‌ನ ಕ್ಯೂಎಜಿಎಸ್ ಎಂಬ ಇಂಟಿಗ್ರೇಷನ್ ಫಂಕ್ಷನ್‌ನಲ್ಲಿರುವುದು 1983ರ ಕ್ವಾಡ್‌ಪ್ಯಾಕ್ ಲೈಬ್ರರಿಯ ಅಲ್ಗಾರಿದಮ್. ಕ್ವಾಡ್‌ಪ್ಯಾಕ್ ಹುಟ್ಟಿದ್ದೇ ಫೋರ್ಟ್ರಾನ್‌ನಲ್ಲಿ. ಸಿ ಮನೆಗೆ ಸೊಸೆಯಾಗಿ ಹೋದವಳು ಈಗ ತವರಿಗೆ ಬರುತ್ತಿದ್ದಾಳೆ, ಆದರೆ ಅಲ್ಲಿಯ ರೀತಿರಿವಾಜಿನೊಂದಿಗೆ. ಇಂಟಿಗ್ರೇಟ್ ಮಾಡಬೇಕಾದ ಫಂಕ್ಷನ್‌ನ ಪಾಯಿಂಟರ್ ಮತ್ತು ಅದರ ಪ್ಯಾರಾಮೀಟರ್‌ಗಳ ಪಾಯಿಂಟರ್ ಎರಡನ್ನೂ ಒಂದು ಸ್ಟ್ರಕ್ಚರ್‌ನಲ್ಲಿಟ್ಟು ಕೊಡಬೇಕು. ಎರಡನೆಯದಕ್ಕೆ ಟೈಪ್ ಎಂಬುದೇ ಇಲ್ಲ. ಆ ತುದಿಯಲ್ಲಿ ಇರುವುದು ಇಂಥದ್ದೇ ಎಂದು ನಾವು ಹೇಳಿದರೆ ಫೋರ್ಟ್ರಾನ್ ನಂಬಿಬಿಡುತ್ತದೆ. ಇಂಟಿಗ್ರೇಷನ್‌ನ ವ್ಯಾಪ್ತಿಯನ್ನು ಎಷ್ಟು ತುಂಡುಗಳವರೆಗೆ ಒಡೆಯಬಹುದು ಎಂಬ ಮಿತಿ 64 ಬಿಟ್‌ನ ಸೈಜ್-ಟಿ. ಘೋಷಣೆಯಲ್ಲಿ ಅದನ್ನು 32 ಬಿಟ್‌ನ ಇಂಟಿಜರ್ ಎಂದು ಬರೆದರೂ ಮೇಲಿನ ಅರ್ಧ ಸಾಮಾನ್ಯವಾಗಿ ಸೊನ್ನೆಯೇ ಇರುವುದರಿಂದ ಪ್ರೋಗ್ರಾಮ್ ಓಡುತ್ತದೆ. ಒಂದು ದಿನ ಅಲ್ಲಿ ಕಸ ಬಂದು ಕೂತರೆ, ವರ್ಷಗಟ್ಟಲೆ ಸರಿಯಿದ್ದ ಕೋಡನ್ನು ಯಾರೂ ಅನುಮಾನಿಸುವುದಿಲ್ಲ.

ಲೆಕ್ಕ ಕೈಗೂಡದಿದ್ದರೆ ಜಿಎಸ್‌ಎಲ್ ಒಂದು ಸಾಲಿನ ಸಂದೇಶ ಬರೆದು ಇಡೀ ಪ್ರೋಗ್ರಾಮನ್ನೇ ಅಬಾರ್ಟ್ ಮಾಡುತ್ತದೆ. ಅದರ ಮೂಲ ಎರರ್ ಹ್ಯಾಂಡ್ಲರ್ ಇರುವುದೇ ಹಾಗೆ. ದಿನಗಟ್ಟಲೆ ಓಡುವ ಸಿಮ್ಯುಲೇಷನ್‌ಗೆ ಇದು ಸಲ್ಲದ ನಡವಳಿಕೆ. ಆರಂಭದಲ್ಲೇ ಹ್ಯಾಂಡ್ಲರನ್ನು ಆಫ್ ಮಾಡಿ, ಪ್ರತಿ ಕರೆಯ ಸ್ಟೇಟಸ್ ಕೋಡನ್ನು ನಾವೇ ನೋಡಬೇಕು. ಕಲಿಯುವವರಿಗೆ ತೋರಿಸುವ ಪುಟ್ಟ ಉದಾಹರಣೆಗಳಲ್ಲಿ ಹ್ಯಾಂಡ್ಲರ್ ಆಫ್ ಮಾಡುವ ಸಾಲು ಇರಲೇಬೇಕು.

ಮ್ಯಾಟ್ರಿಕ್ಸ್‌ನದು ಗೊತ್ತಿರುವ ತೊಡಕು: ಫೋರ್ಟ್ರಾನ್ ಕಂಬಸಾಲು ಹಿಡಿದು ಜೋಡಿಸುತ್ತದೆ, ಸಿ ಅಡ್ಡಸಾಲು ಹಿಡಿದು. ಹಾಗೇ ಕೊಟ್ಟರೆ ಮ್ಯಾಟ್ರಿಕ್ಸ್ ಮಗುಚಿ ತಲುಪುತ್ತದೆ. ಇದನ್ನು ಸಿಮೆಟ್ರಿಕ್ ಮ್ಯಾಟ್ರಿಕ್ಸ್ ಕೊಟ್ಟು ಪರೀಕ್ಷಿಸಬಾರದು. ಮಗುಚಿದರೂ ಅದು ಹಾಗೇ ಇರುತ್ತದೆ, ತಪ್ಪು ಅಡಗಿಯೇ ಉಳಿಯುತ್ತದೆ.

ಕೈಯಾರೆ ಬರೆದ ಘೋಷಣೆಗಳನ್ನೆಲ್ಲ ಒಂದೇ ಮಾಡ್ಯೂಲಿನಲ್ಲಿ ಇಟ್ಟು, ಒಂದೊಂದನ್ನೂ ಗೊತ್ತಿರುವ ಬೆಲೆಯೊಂದಿಗೆ ತಾಳೆ ನೋಡುವುದು ಬಳಸುವವರ ಪಾಲಿನ ಕೆಲಸ. ಆದರೆ ಅದನ್ನು ಪ್ರತಿ ಪ್ರಯೋಗಾಲಯದ ಪ್ರತಿ ವಿದ್ಯಾರ್ಥಿಯೂ ಹೊಸದಾಗಿ ಮಾಡುತ್ತ ಕೂರುವುದು ನ್ಯಾಯವಲ್ಲ. ಫೂರಿಯೆ ಟ್ರಾನ್ಸ್‌ಫಾರ್ಮ್ ಲೆಕ್ಕಹಾಕುವ ಎಫ್‌ಎಫ್‌ಟಿಡಬ್ಲ್ಯು ಕೂಡ ಸಿ ಲೈಬ್ರರಿಯೇ. ಅದನ್ನು ಕಟ್ಟಿದ ಮತ್ತೆಯೊ ಫ್ರಿಗೊ ಮತ್ತು ಸ್ಟೀವನ್ ಜಾನ್ಸನ್ 2003ರ ಸ್ಟ್ಯಾಂಡರ್ಡ್‌ಗೆ ಒಪ್ಪುವ ಘೋಷಣೆಗಳ ಫೈಲನ್ನು ಲೈಬ್ರರಿಯ ಜೊತೆಗೇ ಕೊಡುತ್ತಾರೆ. ಅರೇಯ ಆಯಾಮಗಳನ್ನು ಹಿಂದುಮುಂದಾಗಿ ಕೊಡಬೇಕೆಂದು ಕೈಪಿಡಿಯಲ್ಲೇ ತಿಳಿಸಿದ್ದಾರೆ. ಜಿಎಸ್‌ಎಲ್‌ಗೆ ಎಫ್‌ಜಿಎಸ್‌ಎಲ್ ಎಂಬ ಫೋರ್ಟ್ರಾನ್ ಇಂಟರ್‌ಫೇಸ್ ಇದೆ, ಉಪಕಾರದ ಕೆಲಸ ಅದು. ಆದರೆ ಅದು ಹೊರಗಿನಿಂದ ಕಟ್ಟಿ ನಿಲ್ಲಿಸಿದ್ದು. ಮೂಲ ಲೈಬ್ರರಿ ಬದಲಾದಾಗಲೆಲ್ಲ ಅದರ ಬೆನ್ನು ಹತ್ತಿ ಓಡಬೇಕು. ಹೆಡರ್ ಬರೆದವರೇ ಫೋರ್ಟ್ರಾನ್ ಘೋಷಣೆಯನ್ನೂ ಬರೆದು, ಬಿಡುಗಡೆಗೆ ಮುನ್ನ ಎರಡನ್ನೂ ಒಟ್ಟಿಗೆ ಪರೀಕ್ಷಿಸಬೇಕು.