ಆಕಾಶದಿಂದ ಓದಿದ ನೆಲ

ಭವಭೂತಿಯ ‘ಉತ್ತರರಾಮಚರಿತ’ದ ಎರಡನೆಯ ಅಂಕದಲ್ಲಿ ರಾಮನು ಬಹುಕಾಲದ ಮೇಲೆ ದಂಡಕಾರಣ್ಯಕ್ಕೆ ಮರಳುತ್ತಾನೆ. ಹೊಳೆಗಳ ಪಾತ್ರ ಸರಿದುಹೋಗಿದೆ, ಕಾಡಿನ ರೂಪ ಬೇರೆಯಾಗಿದೆ. ತಾನು ವಾಸವಾಗಿದ್ದ ನೆಲ ಇದೇ ಎಂಬುದನ್ನು ಬೆಟ್ಟಗಳ ಗುರುತಿನಿಂದಲೇ ಅವನು ನಿಶ್ಚಯಿಸಿಕೊಳ್ಳಬೇಕಾಗುತ್ತದೆ. ಬದಲಾಗದ ಒಂದನ್ನು ಹಿಡಿದು ಬದಲಾದುದನ್ನು ಅಳೆಯುವ ಈ ಕ್ರಮ ಇಂದಿಗೂ ಹಳತಾಗಿಲ್ಲ. ಒಂದೇ ಪ್ರದೇಶವನ್ನು ಬೇರೆ ಬೇರೆ ಕಾಲದಲ್ಲಿ ವಿಮಾನದಿಂದ ತೆಗೆದ ಎರಡು ಛಾಯಾಚಿತ್ರಗಳನ್ನು ಹೋಲಿಸುವವರೂ ಮೊದಲು ಸ್ಥಿರವಾದ ಗುರುತುಗಳನ್ನೇ ಹುಡುಕುತ್ತಾರೆ. ಆದರೆ ರಾಮನಿಗೆ ನೆನಪಿನ ಬಲವಿತ್ತು. ಹಿಂದಿನದನ್ನು ಕಾಣದೆಯೇ ಹುಟ್ಟಿದವರಿಗೆ ಆ ನೆನಪು ಎಲ್ಲಿಂದ ಬರಬೇಕು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ನಾವು ಒಂದು ಹಳೆಯ ಗ್ರಂಥವನ್ನು ಪರಿಶೀಲಿಸಲು ಬಯಸುತ್ತೇವೆ.

ಓ. ಜಿ. ಎಸ್. ಕ್ರಾಫರ್ಡ್ ಮತ್ತು ಅಲೆಕ್ಸಾಂಡರ್ ಕೀಲರ್ ಅವರ ‘ವೆಸೆಕ್ಸ್ ಫ್ರಂ ದಿ ಏರ್’ ಎಂಬ ಗ್ರಂಥ 1928ರಲ್ಲಿ ಆಕ್ಸ್‌ಫರ್ಡಿನಿಂದ ಪ್ರಕಟವಾಯಿತು. ಕ್ರಾಫರ್ಡರು 1886ರಲ್ಲಿ ನಮ್ಮ ಮುಂಬಯಿಯಲ್ಲಿ ಜನಿಸಿ, ಶೈಶವದಲ್ಲಿಯೇ ಇಂಗ್ಲೆಂಡಿಗೆ ಕಳುಹಿಸಲ್ಪಟ್ಟವರು. ಮೊದಲನೆಯ ಮಹಾಯುದ್ಧದಲ್ಲಿ ವಿಮಾನದ ವೀಕ್ಷಕರಾಗಿದ್ದು, 1920ರಲ್ಲಿ ಆ ದೇಶದ ಭೂಮಾಪನ ಇಲಾಖೆಯ ಪ್ರಥಮ ಪ್ರಾಕ್ತನ ಅಧಿಕಾರಿಗಳಾದರು. ಕೀಲರರು ಮಾರ್ಮಲೇಡ್ ವ್ಯಾಪಾರದಿಂದ ಬಂದ ಸಂಪತ್ತನ್ನು ಪ್ರಾಚ್ಯಶೋಧನೆಗೆ ವ್ಯಯಿಸಿದ ಧನಿಕರು. 1924ರಲ್ಲಿ ಇವರಿಬ್ಬರೂ ಬಾಡಿಗೆಯ ವಿಮಾನವನ್ನೇರಿ ದಕ್ಷಿಣ ಇಂಗ್ಲೆಂಡಿನ ಸೀಮೆಸುಣ್ಣದ ದಿಣ್ಣೆಗಳನ್ನು ಚಿತ್ರಿಸಿದರು. ಅದರ ಫಲವೇ ಈ ಗ್ರಂಥ.

ನೆಲದ ಮೇಲೆ ನಿಂತವನಿಗೆ ಕಾಣದುದು ಮೇಲಿನಿಂದ ಕಾಣುವುದು ಹೇಗೆ? ಇದರಲ್ಲಿ ಮಾಯೆಯೇನೂ ಇಲ್ಲ. ಮೊಣಕಾಲೆತ್ತರವೂ ಇಲ್ಲದ ಹಳೆಯ ಬದುವು ಮಧ್ಯಾಹ್ನದ ಬಿಸಿಲಿನಲ್ಲಿ ಕಣ್ಣಿಗೆ ಬೀಳದು. ಸಂಜೆಯ ಓರೆಬಿಸಿಲಿನಲ್ಲಿ ಅದರ ನೆರಳು ಗೆರೆಯಾಗಿ ನಿಲ್ಲುತ್ತದೆ. ಮುಚ್ಚಿಹೋದ ಕಂದಕದಲ್ಲಿ ಮಣ್ಣು ಆಳ, ತೇವ ಹೆಚ್ಚು. ಅದರ ಮೇಲಿನ ಪೈರು ಎತ್ತರವಾಗಿ ಬೆಳೆದು ಬಹುದಿನ ಹಸುರಾಗಿರುತ್ತದೆ. ಹೂತುಹೋದ ಗೋಡೆಯ ಮೇಲಿನ ಪೈರು ಗಿಡ್ಡಾಗಿ ಬೇಗನೆ ಹಳದಿಗೆ ತಿರುಗುತ್ತದೆ. ಮಳೆ ಕೈಕೊಟ್ಟ ವರ್ಷದಲ್ಲಿ ಈ ಅಕ್ಷರಗಳು ಇನ್ನೂ ಸ್ಪಷ್ಟ. ರೈತನಿಗೆ ಕೆಟ್ಟ ವರ್ಷ ಶೋಧಕನಿಗೆ ಒಳ್ಳೆಯ ವರ್ಷವಾಗುವುದು ಈ ಶಾಸ್ತ್ರದ ವಿಪರ್ಯಾಸ.

ಇದರ ಸತ್ಯತೆಗೆ ಎರಡು ನಿದರ್ಶನಗಳು ಸಾಕು. 1921ರಲ್ಲಿ ವಾಯುಸೇನೆಯವರು ಸ್ಟೋನ್‌ಹೆಂಜಿನ ಸುತ್ತ ತೆಗೆದಿದ್ದ ಚಿತ್ರಗಳನ್ನು 1923ರಲ್ಲಿ ಪರೀಕ್ಷಿಸುವಾಗ ಕ್ರಾಫರ್ಡರು ಹೊಲಗಳಲ್ಲಿ ಜೋಡಿಗೆರೆಗಳನ್ನು ಕಂಡರು. ಅಗೆದು ನೋಡಲಾಗಿ, ಅವು ಆ ಶಿಲಾವೃತ್ತಕ್ಕೆ ಹೋಗುವ ಪ್ರಾಚೀನ ಮಾರ್ಗದ ಕಣ್ಮರೆಯಾಗಿದ್ದ ಭಾಗವೆಂದು ಸಿದ್ಧವಾಯಿತು. 1925ರಲ್ಲಿ ಇನ್ಸಾಲ್ ಎಂಬ ವಿಮಾನಾಧಿಕಾರಿಗಳು ಸಮೀಪದಲ್ಲಿಯೇ ಒಂದು ವೃತ್ತವನ್ನು ಗುರುತಿಸಿದರು. ಮರುವರ್ಷ ಅಲ್ಲಿ ಗೋಧಿ ಬೆಳೆದಾಗ ವೃತ್ತದೊಳಗೆ ಚುಕ್ಕೆಗಳ ಸಾಲುಗಳು ಮೂಡಿದವು. ಮರದ ಕಂಬಗಳನ್ನು ನೆಟ್ಟಿದ್ದ ಗುಳಿಗಳು ಅವೆಂದು ಶ್ರೀಮತಿ ಕನಿಂಗ್ಟನ್ನರ ಉತ್ಖನನದಿಂದ ತಿಳಿಯಿತು. ಅದೇ ವುಡ್‌ಹೆಂಜ್. ಎರಡು ಪ್ರಸಂಗಗಳಲ್ಲಿಯೂ ಚಿತ್ರ ಸೂಚಿಸಿತು, ಗುದ್ದಲಿ ನಿರ್ಣಯಿಸಿತು.

ಗ್ರಂಥದ ಗುಣವನ್ನು ಒಪ್ಪಿದ ಮೇಲೆ ಅದರ ಮಿತಿಯನ್ನೂ ಹೇಳಬೇಕು. ಛಾಯಾಚಿತ್ರವು ಎಲ್ಲ ಕಾಲಗಳನ್ನೂ ಒಂದೇ ಹಾಳೆಯ ಮೇಲೆ ಹರಡುತ್ತದೆ; ಯಾವುದು ಮೊದಲು, ಯಾವುದು ಅನಂತರ ಎಂಬುದನ್ನು ಬಹುಮಟ್ಟಿಗೆ ಓದುವವನೇ ನಿರ್ಣಯಿಸಬೇಕು. ದಿಣ್ಣೆಗಳ ಮೇಲಿನ ಚಿಕ್ಕ ಚೌಕಾಕಾರದ ಹೊಲಗಳನ್ನು ಕ್ರಾಫರ್ಡರು ‘ಸೆಲ್ಟಿಕ್ ಹೊಲ’ಗಳೆಂದು ಕರೆದರು. ಅವುಗಳಲ್ಲಿ ಹಲವು ಕಂಚಿನ ಯುಗದಷ್ಟು ಹಿಂದಿನವೆಂದು ಮುಂದಿನ ಸಂಶೋಧನೆ ತೋರಿಸಿತು. ಚಿತ್ರದಲ್ಲಿ ಇದ್ದುದು ಹೊಲದ ಆಕಾರ; ಜನಾಂಗದ ಹೆಸರು ಓದುಗನ ಕೊಡುಗೆ. ನೆಲವನ್ನು ಎತ್ತರದಿಂದ ಓದುವವರೆಲ್ಲರೂ ಈ ವ್ಯತ್ಯಾಸವನ್ನು ಮರೆಯಬಾರದು.

ವೆಸೆಕ್ಸ್ ಎಂಬ ಪ್ರಾಚೀನ ರಾಜ್ಯದ ಹೆಸರನ್ನು ಸಾಹಿತ್ಯದಲ್ಲಿ ಮತ್ತೆ ಬಳಕೆಗೆ ತಂದವರು ಥಾಮಸ್ ಹಾರ್ಡಿ. ಈ ಗ್ರಂಥ ಬಂದ ವರ್ಷದ ಜನವರಿಯಲ್ಲಿಯೇ ಅವರು ತೀರಿಕೊಂಡರು. 1878ರ ‘ದಿ ರಿಟರ್ನ್ ಆಫ್ ದಿ ನೇಟಿವ್’ ಕಾದಂಬರಿಯಲ್ಲಿ ಅವರು ಎಗ್ಡನ್ ಕುರುಚಲು ಬಯಲನ್ನು ಮನುಷ್ಯನಿಂದ ಪಳಗದ, ಕಾಲಕ್ಕೆ ಬಗ್ಗದ ನೆಲವನ್ನಾಗಿ ಚಿತ್ರಿಸಿದ್ದಾರೆ. ಆದರೆ ಆ ಕಲ್ಪನೆಗೆ ಆಧಾರವಾದ ಡಾರ್ಸೆಟ್ಟಿನ ಬಯಲುಗಳು ಉಳಿಯಲಿಲ್ಲ. ಬಹುಭಾಗ ಸಾಗುವಳಿಗೂ ಸೂಚಿಪರ್ಣಿ ಮರಗಳ ನೆಡುತೋಪಿಗೂ ಮನೆಗಳಿಗೂ ಸಂದುಹೋಯಿತು. ಎತ್ತರದ ದಿಣ್ಣೆಗಳ ಗತಿಯೂ ಹಾಗೆಯೇ. ಕುರಿಗಳು ಮೇಯುತ್ತಿದ್ದ ಹುಲ್ಲಿನಡಿ ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಬಾಳಿದ ಬದುಗಳನ್ನು, ಎರಡನೆಯ ಮಹಾಯುದ್ಧದ ಕಾಲದ ಧಾನ್ಯದ ಅಗತ್ಯವೂ ಅನಂತರದ ಯಂತ್ರದ ನೇಗಿಲೂ ಒಂದು ತಲೆಮಾರಿನಲ್ಲಿ ಅನೇಕ ಕಡೆ ಸಮಮಾಡಿಬಿಟ್ಟವು. ಕಾದಂಬರಿಕಾರರು ಸ್ಥಿರವೆಂದು ನಂಬಿದ ನೆಲವೇ ಕದಲಿತು.

ಇಲ್ಲಿಯೇ ಗ್ರಂಥದ ಬೆಲೆ ಕರ್ತೃಗಳು ಎಣಿಸದ ರೀತಿಯಲ್ಲಿ ಏರಿದೆ. ಅವರ ದೃಷ್ಟಿ ಮುಖ್ಯವಾಗಿ ಪ್ರಾಚೀನದ ಮೇಲಿತ್ತು. 1924ರ ಬೇಲಿ, ಬಂಡಿದಾರಿ, ಕಣ ಇವೆಲ್ಲ ಹಿನ್ನೆಲೆಗೆ ಸರಿದ ವಸ್ತುಗಳು. ನಮಗಾದರೋ ಆ ಹಿನ್ನೆಲೆಯೇ ಚರಿತ್ರೆಯಾಗಿದೆ. ಹಳೆಯದನ್ನು ತೋರಿಸಲೆಂದು ತೆಗೆದ ಚಿತ್ರ ತಾನೇ ಹಳೆಯದಾಗಿ, ಅಳಿದ ಎರಡು ಕಾಲಗಳಿಗೆ ಒಟ್ಟಿಗೆ ಸಾಕ್ಷಿಯಾಗಿದೆ. ರಾಮನಿಗೆ ಬೆಟ್ಟಗಳು ಮಾಡಿದ ಉಪಕಾರವನ್ನು ಇಂದು ಈ ಕಾಗದದ ಹಾಳೆಗಳು ಮಾಡಬೇಕಾಗಿ ಬಂದಿರುವುದು ಯೋಚಿಸತಕ್ಕ ಸಂಗತಿ.

ಆದರೂ ಹಾಳೆಯೊಂದೇ ಸಾಲದು. ಅದರಲ್ಲಿ ದಾರಿಯಿದೆ, ನಡೆದವರಿಲ್ಲ. ಹೊಲವಿದೆ, ಅದರ ಹೆಸರಿಲ್ಲ. ಊರು ಬರಿದಾದುದು ಕಾಣುತ್ತದೆ, ಏಕೆ ಬರಿದಾಯಿತೆಂಬುದು ಕಾಣದು. ಕ್ರಾಫರ್ಡರು ಸ್ವತಃ ನಕ್ಷೆ ಹಿಡಿದು ಊರೂರು ತಿರುಗಿದವರಾದ್ದರಿಂದಲೇ ಆಕಾಶದ ಚಿತ್ರವನ್ನು ಓದಬಲ್ಲವರಾದರು. ಹಳೆಯ ಛಾಯಾಚಿತ್ರಗಳು ಸಿಕ್ಕಿದಲ್ಲೆಲ್ಲ ಅವನ್ನು ಕಾಪಾಡಬೇಕು. ಹೊಲ, ಹಳ್ಳ, ದಿಬ್ಬಗಳ ಹೆಸರು ಬಲ್ಲ ಹಿರಿಯರು ಇರುವಾಗಲೇ ಆ ಹೆಸರುಗಳನ್ನು ಕೇಳಿ ಚಿತ್ರದ ಪಕ್ಕದಲ್ಲಿ ಬರೆದಿಡಬೇಕು. ಎರಡರಲ್ಲಿ ಒಂದು ತಪ್ಪಿದರೂ ಮುಂದಿನವರ ಕೈಗೆ ಸಿಗುವುದು ಅರ್ಧ ನೆಲ ಮಾತ್ರ.