ಅಜಿನ್‌ಕೋರ್ಟಿನ ಸೆರೆಯಾಳುಗಳು

ತಾನು ಕೊಂಡಾಡುವ ವೀರನು ಕೊಂಡಾಡಲಾಗದ ಕಾರ್ಯವನ್ನೆಸಗಿದಾಗ ಬರಹಗಾರನು ಏನು ಮಾಡಬೇಕು? ಈ ಪ್ರಶ್ನೆಗೆ ಅಜಿನ್‌ಕೋರ್ಟ್ ಯುದ್ಧದಷ್ಟು ಸ್ಪಷ್ಟವಾದ ನಿದರ್ಶನಗಳು ವಿರಳ. 1415ನೆಯ ಅಕ್ಟೋಬರ್ 25ರಂದು ಇಂಗ್ಲೆಂಡಿನ ಐದನೆಯ ಹೆನ್ರಿಯು ತನ್ನದಕ್ಕಿಂತ ಹಿರಿದಾದ ಫ್ರೆಂಚ್ ಸೇನೆಯನ್ನು ಅಲ್ಲಿ ಮುರಿದನು. ಜಯವು ಬಹುಮಟ್ಟಿಗೆ ಕೈಗೂಡಿದ ಮೇಲೆ, ಶತ್ರುಗಳು ಮತ್ತೆ ಒಟ್ಟುಗೂಡುತ್ತಿರುವರೆಂಬ ಕೂಗೆದ್ದಿತು. ಆಗ ಶರಣಾಗಿದ್ದ ಸೆರೆಯಾಳುಗಳ ವಧೆ ನಡೆಯಿತು. ಶರಣಾಗತನು ಅವಧ್ಯನೆಂಬುದು ನಮ್ಮ ಭಾರತದ ಯುದ್ಧಧರ್ಮ ಮಾತ್ರವಲ್ಲ. ಆ ಕಾಲದ ಯೂರೋಪಿನ ಕ್ಷಾತ್ರಮರ್ಯಾದೆಯೂ ಅದೇ ಆಗಿತ್ತು.

ಯುದ್ಧವನ್ನು ಕಣ್ಣಾರೆ ಕಂಡು ಹೆನ್ರಿಯ ಚರಿತ್ರೆಯನ್ನು ಲ್ಯಾಟಿನ್ನಿನಲ್ಲಿ ಬರೆದ ಅಜ್ಞಾತನಾಮಕ ಪಾದ್ರಿಯೊಬ್ಬನು ಅರಸನ ಪರಮಭಕ್ತ. ಕೂಗೆದ್ದುದನ್ನೂ, ಕೆಲವರು ಮಹಾಕುಲೀನರ ಹೊರತು ಸೆರೆಯಾಳುಗಳು ಹತರಾದುದನ್ನೂ ಅವನು ಮರೆಮಾಚಲಿಲ್ಲ. ಆದರೆ ಅಪ್ಪಣೆ ಯಾರದೆಂಬುದನ್ನು ಹೇಳಲಿಲ್ಲ. ಅವನ ವಾಕ್ಯದಲ್ಲಿ ಕ್ರಿಯೆಯುಂಟು, ಕರ್ಮವುಂಟು, ಅಪ್ಪಣೆಯಿತ್ತ ಕರ್ತೃವಿಲ್ಲ. ಯುದ್ಧರಂಗದಲ್ಲಿದ್ದ ಲ ಫೆವ್ರ್ ಮತ್ತು ವಾವ್ರಿನ್ ಎಂಬ ಇಬ್ಬರು ಫ್ರೆಂಚ್ ಭಾಷೆಯ ಬರಹಗಾರರು ಆ ಕೊರತೆಯನ್ನು ತುಂಬಿದರು. ಅಪ್ಪಣೆ ಅರಸನದೇ, ಸೆರೆಹಿಡಿದವರು ಕೊಲ್ಲಲೊಪ್ಪಲಿಲ್ಲ, ಆಗ ಇನ್ನೂರು ಮಂದಿ ಬಿಲ್ಲಾಳುಗಳನ್ನು ಆ ಕೆಲಸಕ್ಕೆ ನೇಮಿಸಲಾಯಿತು. ಒಪ್ಪದಿದ್ದುದಕ್ಕೆ ಕಾರಣ ದಯೆಯಲ್ಲ, ಬಿಡುಗಡೆಯ ಹಣ ಕೈತಪ್ಪುವುದೆಂಬ ಲೋಭ. ಆದರೂ ಇವರು ದೋಷವನ್ನು ಹೊರಿಸಿದುದು ಹೆನ್ರಿಯ ಮೇಲಲ್ಲ, ಮತ್ತೆ ಗುಂಪುಗೂಡಿದ ಫ್ರೆಂಚರ ಮೇಲೆ.

ಹದಿನಾರನೆಯ ಶತಮಾನದ ಹಾಲಿನ್‌ಷೆಡ್ಡನು ಅರಸನಿಗೆ ಸಹಜವಾದ ಮೃದುತ್ವಕ್ಕೆ ಈ ಅಪ್ಪಣೆ ವಿರುದ್ಧವೆಂದು ಮರುಗಿ, ವಧೆಯ ಕ್ರೌರ್ಯವನ್ನು ಬಿಚ್ಚಿ ವರ್ಣಿಸಿದನು. ಷೇಕ್ಸ್‌ಪಿಯರ್ ಮಹಾಕವಿಗೆ ಒದಗಿದ ಸಾಮಗ್ರಿ ಇದು. 1599ರ ಸುಮಾರಿಗೆ ರಚಿತವಾದ ಅವನ ನಾಟಕದ ನಾಲ್ಕನೆಯ ಅಂಕದಲ್ಲಿ, ತನ್ನ ಕಡೆಯ ಇಬ್ಬರು ಸರದಾರರ ಮರಣವಾರ್ತೆಯನ್ನು ಕೇಳಿ ಹೆನ್ರಿಯ ಕಣ್ಣು ತೇವವಾಗುತ್ತದೆ. ಮರುಕ್ಷಣದಲ್ಲಿ ರಣಭೇರಿಯ ಸದ್ದು ಕೇಳಿ ಸೆರೆಯಾಳುಗಳನ್ನು ಕೊಲ್ಲಿರೆಂದು ಆಜ್ಞಾಪಿಸುತ್ತಾನೆ. ಸಾಮಾನು ಕಾಯುತ್ತಿದ್ದ ಬಾಲಕರನ್ನು ಫ್ರೆಂಚರು ಕೊಂದ ಸುದ್ದಿ ಬರುವುದು ಮುಂದಿನ ದೃಶ್ಯದಲ್ಲಿ. ಅಲ್ಲಿ ಗೋವರ್ ಎಂಬ ದಳಪತಿಯು ಬಾಲಕರ ವಧೆಗೆ ಪ್ರತೀಕಾರವಾಗಿಯೇ ಅರಸನು ಹಾಗೆ ಮಾಡಿಸಿದನೆಂದು ಹೊಗಳುತ್ತಾನೆ. ಬಳಿಕ ಹೆನ್ರಿಯೂ ಕ್ರುದ್ಧನಾಗಿ ಬಂದು ಸೆರೆಯಾಳುಗಳ ಕೊರಳನ್ನು ಕೊಯ್ಯಿಸುವೆನೆನ್ನುತ್ತಾನೆ.

ವಿಮರ್ಶಕ ಜಾನ್ಸನ್ನನು 1765ರಲ್ಲಿ ಇದನ್ನು ಆಕ್ಷೇಪಿಸಿ, ಒಮ್ಮೆ ಕೊಂದವರನ್ನು ಮತ್ತೆ ಕೊಲ್ಲುವುದೆಂತು, ದೃಶ್ಯಗಳು ಸ್ಥಾನಪಲ್ಲಟವಾಗಿರಬೇಕು ಎಂದು ಊಹಿಸಿದನು. ದೃಶ್ಯಗಳನ್ನು ಹಿಂದುಮುಂದಾಗಿಸಿದರೆ ಅರಸನ ಅಪ್ಪಣೆ ನ್ಯಾಯವಾದ ಕೋಪವೆನಿಸಬಹುದು. ಆದರೆ ಕವಿಯ ಸತ್ಯ ನಷ್ಟವಾಗುವುದು. ಭಯದಿಂದಾದ ಕಾರ್ಯಕ್ಕೆ ಧರ್ಮದ ಕಾರಣವು ಆಮೇಲೆ ಹುಟ್ಟಿ, ಹೊಗಳುವವರ ಬಾಯಲ್ಲಿ ಬೆಳೆಯುವ ಬಗೆಯನ್ನು ಈ ಕ್ರಮವೇ ತೋರಿಸುತ್ತದೆ. ಗೋವರನ ಹೊಗಳಿಕೆಯ ಬೆನ್ನಿಗೇ ಫ್ಲುಯೆಲ್ಲೆನ್ನನು, ಮಿತ್ರನನ್ನೇ ಕೊಂದ ಅಲೆಕ್ಸಾಂಡರನಿಗೆ ಹೆನ್ರಿಯನ್ನು ಹೋಲಿಸುವುದು ಕೇವಲ ಹಾಸ್ಯವಲ್ಲ.

ಚರಿತ್ರಕಾರರಲ್ಲಿ ಹ್ಯೂಮನು, ನಿಜ ತಿಳಿದೊಡನೆ ಅರಸನು ವಧೆಯನ್ನು ನಿಲ್ಲಿಸಿ ಅನೇಕರನ್ನು ಉಳಿಸಿದನೆಂದು ಸಮಾಧಾನ ಹೇಳಿದನು. 1976ರಲ್ಲಿ ಜಾನ್ ಕೀಗನ್ನನು ಸಾಮಾನ್ಯ ಯೋಧನ ಕಡೆಯಿಂದ ಸಂಗತಿಯನ್ನು ನೋಡಿ, ಸೆರೆಯಾಳುಗಳನ್ನು ಬೆದರಿಸಿ ಹತೋಟಿಯಲ್ಲಿಡುವುದೇ ಅಪ್ಪಣೆಯ ಫಲವಾಗಿದ್ದು, ಹತರಾದವರು ಕಡಮೆಯಿರಬಹುದೆಂದು ತರ್ಕಿಸಿದನು. ಆ ತರ್ಕ ಸೂಕ್ಷ್ಮವಾದುದು. ಆದರೆ ಸಂಖ್ಯೆ ಕಡಮೆಯಾದ ಮಾತ್ರಕ್ಕೆ ಅಪ್ಪಣೆಯ ಸ್ವರೂಪ ಬದಲಾಗದು. ಸಮಕಾಲೀನರು ಹೆನ್ರಿಯನ್ನು ಖಂಡಿಸಲಿಲ್ಲವೆಂಬ ವಾದವೂ ನಿಜವೇ. ಆದರೆ ಆ ಮೌನವು ಕಾಲವನ್ನು ವಿವರಿಸುತ್ತದೆಯೇ ಹೊರತು ಕಾರ್ಯವನ್ನು ಶುದ್ಧಗೊಳಿಸುವುದಿಲ್ಲ.

ಒಲಿವಿಯೆಯು 1944ರಲ್ಲಿ, ಬ್ರಾನಾ 1989ರಲ್ಲಿ ಈ ನಾಟಕವನ್ನು ಚಲಚ್ಚಿತ್ರವಾಗಿಸಿದಾಗ ಆಜ್ಞೆಯ ಮಾತನ್ನೇ ಬಿಟ್ಟರು. ಮೊದಲನೆಯದು ಯುದ್ಧಕಾಲದ ಕೃತಿಯಾದುದರಿಂದ ಕಾರಣವು ಊಹ್ಯವೇ. ಆದರೆ ಅಂದು ಕುಲದ ಹಿರಿಮೆಯಿಂದ ಉಳಿದವರಲ್ಲಿ ಆರ್ಲಿಯನ್ಸಿನ ಡ್ಯೂಕ್ ಚಾರ್ಲ್ಸನೊಬ್ಬನೆಂಬುದನ್ನು ನೆನೆಯಬೇಕು. ಅವನು ಇಂಗ್ಲೆಂಡಿನಲ್ಲಿ ಇಪ್ಪತ್ತೈದು ವರ್ಷ ಸೆರೆಯಲ್ಲಿದ್ದು, ಅಲ್ಲಿಯೇ ಕಾವ್ಯವನ್ನು ರಚಿಸಿ, 1440ರಲ್ಲಿ ಬಿಡುಗಡೆಹೊಂದಿ ಕವಿಯೆಂದು ಕೀರ್ತಿಶಾಲಿಯಾದನು. ಅವನ ಪಕ್ಕದಲ್ಲಿದ್ದ, ಅಷ್ಟು ಬೆಲೆಬಾಳದ ಸೆರೆಯಾಳಿಗೆ ಮಾತನಾಡಲು ಅವಕಾಶವಾಗಲಿಲ್ಲ. ಅವನ ಪರವಾಗಿ ಉಳಿದಿರುವುದು, ಅರಸನನ್ನು ಹೊಗಳುತ್ತಲೂ ಅಪ್ಪಣೆಯನ್ನು ಅರಸನ ಬಾಯಿಂದಲೇ ಆಡಿಸಿದ ಮಹಾಕವಿಯ ಆ ಒಂದು ಮಾತು. ಅದನ್ನು ಬಿಟ್ಟು ನಾಟಕವನ್ನು ಆಡುವವರು ಹೆನ್ರಿಯ ಗೌರವವನ್ನು ಕಾಯುವರೇನೋ. ಕವಿಯ ಗೌರವವನ್ನಂತೂ ಕಾಯಲಾರರು.